ಕಡತ ಹೇಳಿದ್ದು, ಚನ್ನಬಸಪ್ಪ ಹೇಳಿದ್ದು

ಹೋದ ತಿಂಗಳು ಇಬ್ಬರು ಹುಡುಗಿಯರು ನನ್ನನ್ನು ಹುಡುಕಿಕೊಂಡು ಮನೆಗೆ ಬಂದಿದ್ದರು. ಇಬ್ಬರೂ ಹಾನಗಲ್ಲಿನಲ್ಲೇ ಡಿಗ್ರಿ ಮುಗಿಸಿದವರು. ಯಾವುದೋ ಕಂಪನಿಯಲ್ಲಿ ಆಟವೊಂದರ ವಿಕಿ ಪುಟಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತಂತೆ. "ಅಂಕಲ್, ನೀವು ಇದನ್ನ ಭಾಳ ವರ್ಷ ಮಾಡೀರಂತ. ಮಾಡ್ಯೂಲ್ ಬರಿಯೂದು ಹೆಂಗ ಅಂತ ಸ್ವಲ್ಪ ಹೇಳಿಕೊಡ್ರಿ" ಎಂದರು. ಒಂದು ವಾರ ಬಂದು ಹೋದರು. ಬರೆಯುವುದನ್ನು ಕಲಿಸಿದೆ, ಬೇಗ ಕಲಿತರು. ಅವರು ಹೋದ ಮೇಲೆ, ನಾನು ಹೇಳಿದ್ದಕ್ಕಿಂತ ಹೇಳದೇ ಬಿಟ್ಟದ್ದೇ ಹೆಚ್ಚಾಯಿತು ಅನ್ನಿಸಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಹೆಮ್ಮೆ ಪಡುವಂಥದ್ದು ಕಡಿಮೆ.

ನಾನು ಮೊದಲು ಟೈಪಿಂಗ್ ಕಲಿಸುತ್ತಿದ್ದವನು. ಹಾನಗಲ್ಲಿನಲ್ಲಿ ಒಂದು ಮಾಳಿಗೆಯ ಮೇಲೆ ಎಂಟು ಯಂತ್ರಗಳನ್ನಿಟ್ಟು ಇನ್‌ಸ್ಟಿಟ್ಯೂಟ್ ನಡೆಸಿದ್ದೆ. ಹಾಗಾಗಿ ಊರಿನವರಿಗೆಲ್ಲ ನಾನು ಇವತ್ತಿಗೂ ಮಾಸ್ತರ. ಕಂಪ್ಯೂಟರ್ ಬಂದು ಯಂತ್ರಗಳು ಮೂಲೆ ಸೇರಿದ ಮೇಲೆ ಲಗ್ನಪತ್ರಿಕೆ, ಕರಪತ್ರಗಳ ಅಕ್ಷರ ಜೋಡಣೆ ಮಾಡಿದೆ. ನಲವತ್ತೈದು ದಾಟಿದ ಮೇಲೆ ಶಿಗ್ಗಾಂವದಲ್ಲಿ ಕನ್ನಡ ಟೈಪಿಂಗ್ ಗೊತ್ತಿದ್ದವರು ಬೇಕಾಗಿದ್ದಾರೆಂದು ಯಾರೋ ಹೇಳಿದರು. ಹೋದೆ. ಹೆದ್ದಾರಿಯ ಪಕ್ಕ, ಕಾಳಿನ ವ್ಯಾಪಾರಿಯೊಬ್ಬರ ಅಂಗಡಿಯ ಮೇಲಿನ ಮಹಡಿ. ಲಾರಿ ಹೋದಾಗಲೆಲ್ಲ ಕಿಟಕಿಯ ಗಾಜು ನಡುಗುತ್ತಿತ್ತು. ಕೆಳಗಿನಿಂದ ಗೋವಿನಜೋಳದ ಧೂಳು ಬಂದು ಕೀಲಿಮಣೆಯ ಮೇಲೆ ಕೂಡುತ್ತಿತ್ತು. ಆ ಮಹಡಿಯ ಮೇಲೆ ನನ್ನ ಹದಿಮೂರು ವರ್ಷ ಕಳೆದವು.

ಕೆಲಸ ಏನೆಂದರೆ, ಹೊರದೇಶದ ಕಂಪನಿಯೊಂದು ಮೊಬೈಲಿನಲ್ಲಿ ಆಡುವ ಒಂದು ಆಟ ಮಾಡಿತ್ತು. ಎತ್ತುಗಳ ಮೇಲೆ ಹೇರು ಹೇರಿಕೊಂಡು ಬೆಟ್ಟ ಕಾಡು ದಾಟಿ ವ್ಯಾಪಾರಕ್ಕೆ ಹೋಗುವ ಆಟ. ದಾರಿಯಲ್ಲಿ ಬೇರು ಸೊಪ್ಪು ಕೀಳಬೇಕು, ಗಾಯವಾದರೆ ತಿಂದು ವಾಸಿ ಮಾಡಿಕೊಳ್ಳಬೇಕು, ಕಳ್ಳರ ಜೊತೆ ಕಾದಬೇಕು. ಅದಕ್ಕೊಂದು ವಿಕಿ ಇತ್ತು. ಅಂದರೆ, ಆಟದೊಳಗಿನ ಒಂದೊಂದು ವಸ್ತುವಿಗೂ ಒಂದೊಂದು ಪುಟವಿರುವ, ಆಡುವವರು ತಾವೂ ತಿದ್ದಬಹುದಾದ ಜಾಲತಾಣ. ಅದರ ಕನ್ನಡ ಭಾಗ ನಮ್ಮ ಆಫೀಸಿನ ಪಾಲಿಗೆ ಬಂದಿತ್ತು. ಪ್ರತಿ ಪುಟದ ಬಲಕ್ಕೆ ಒಂದು ಚೌಕ. ವಸ್ತುವಿನ ಚಿತ್ರ, ತೂಕ, ಎಲ್ಲಿ ಸಿಗುತ್ತದೆ, ತಿಂದರೆ ಎಷ್ಟು ಗಾಯ ಮಾಯುತ್ತದೆ, ಇಷ್ಟು ಅದರಲ್ಲಿ ಇರಬೇಕು. ಹೆಚ್ಚಿನವರು ಪುಟ ಓದುತ್ತಿರಲಿಲ್ಲ, ಆ ಚೌಕ ನೋಡಿ ಮತ್ತೆ ಆಟಕ್ಕೆ ಹೋಗುತ್ತಿದ್ದರು. ಆದ್ದರಿಂದ ನಮ್ಮ ಬದುಕೆಲ್ಲ ಆ ಚೌಕದೊಳಗೇ ಇತ್ತು.

ಮೊದಲ ವರ್ಷಗಳಲ್ಲಿ ಎಲ್ಲವನ್ನೂ ಕೈಯಿಂದ ತುಂಬುತ್ತಿದ್ದೆವು. ಒಂಬತ್ತು ಮಂದಿ ಸಾಲಾಗಿ ಕೂತು, ಆಟ ತೆರೆದು ಅಂಕಿ ನೋಡಿ, ಪುಟದಲ್ಲಿ ಬರೆಯುವುದು. ನನ್ನ ಪಕ್ಕದ ಮೇಜು ಸವಣೂರಿನ ಶಕುಂತಲಾ ಅವರದು. ದಿನಾ ಸವಣೂರಿನಿಂದ ಬಸ್ಸಿಗೆ ಬರುವವರು. ಅವರ ಕಣ್ಣು ಬಲು ಚುರುಕು. ನಾನು ಟೈಪ್ ಮಾಡಿದ್ದನ್ನು ಪಕ್ಕದಿಂದಲೇ ನೋಡಿ, "ಮಾಸ್ತರ, ಅಲ್ಲಿ ಒಂದು ಸೊನ್ನಿ ಹೆಚ್ಚಾಗೇತಿ" ಎನ್ನುತ್ತಿದ್ದರು. ನಮ್ಮ ಮೇಲಿನವರು ದೇಸಾಯಿ ಸಾಹೇಬರು. ಕೆಟ್ಟ ಮನುಷ್ಯರಲ್ಲ. ಆದರೆ ಅವರಿಗೆ ಖಾಲಿ ಜಾಗ ಕಂಡರೆ ಆಗುತ್ತಿರಲಿಲ್ಲ. "ಚೌಕದಾಗ ಒಂದ ಸಾಲು ಖಾಲಿ ಇದ್ರೂ ಓದೂ ಮಂದಿ ಎದ್ದು ಹೋಗ್ತಾರ್ರಿ. ಏನರ ಇರಲಿ, ತುಂಬಿರಬೇಕು" ಎಂಬುದು ಅವರ ಒಂದೇ ಪಾಠ.

ಚನ್ನಬಸಪ್ಪನವರು ನಮಗೆ ಪರಿಚಯವಾದದ್ದು ಆ ಕಾಲದಲ್ಲೇ. ವಿಕಿಯಲ್ಲಿ ಅವರ ಹೆಸರು 'ತಕ್ಕಡಿ'. ಮೊದಮೊದಲು ಯಾರೋ ಕಾಲೇಜು ಹುಡುಗ ಇರಬೇಕೆಂದುಕೊಂಡಿದ್ದೆವು. ಈ ತಕ್ಕಡಿ ಒಂದು ಪುಟ ಮುಟ್ಟಿದರೆ ಸುಮ್ಮನೆ ಅಂಕಿ ಬದಲಿಸುತ್ತಿರಲಿಲ್ಲ. ಪುಟದ ಹಿಂದಿರುವ ಚರ್ಚೆಯ ಜಾಗದಲ್ಲಿ, ಎಷ್ಟು ಸಲ ಆಡಿ ನೋಡಿದೆ, ಎಲ್ಲಿ ನಿಂತು ನೋಡಿದೆ, ಪ್ರತಿ ಸಲ ಎಷ್ಟು ಬಂತು ಎಂದು ಬರೆಯುತ್ತಿದ್ದರು. ಕಂಪನಿಯವರು ಒಳ್ಳೆಯ ಕೊಡುಗೆದಾರರಿಗೆಂದು ಆಟದ ಚಿತ್ರವಿರುವ ಅಂಗಿ ಕಳಿಸಿದಾಗ ನಾನೇ ಅವರ ವಿಳಾಸ ಕೇಳಿದೆ. ಫೋನ್ ಮಾಡಿದರು.

"ಮಾಸ್ತರ, ಅಂಗಿ ದೊಡ್ಡದ ಕಳಸ್ರಿ. ಮಕ್ಕೊಂಡ ಹಾಕ್ಕೋಬೇಕಾಗತೈತಿ" ಎಂದರು.

ಹಾಗೆ ವಿಷಯ ತಿಳಿಯಿತು. ಅವರು ಹಿರೇಕೆರೂರಿನವರು. ಕಾಳಿನ ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷ ತೂಕ ಮಾಡುವವರಾಗಿದ್ದರು. ಒಂದು ದಿನ ಪೇರಿಸಿಟ್ಟ ಚೀಲಗಳು ಮೈಮೇಲೆ ಕುಸಿದು ಬೆನ್ನುಮೂಳೆ ಮುರಿಯಿತು. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಅಕ್ಕನ ಮನೆಯಲ್ಲಿ ಮಂಚದ ಮೇಲೆ ಮಲಗಿಯೇ ಇರುತ್ತಾರೆ. ಯಾರೋ ಮೊಬೈಲಿನಲ್ಲಿ ಆಟ ಹಾಕಿಕೊಟ್ಟಿದ್ದರು. "ಆಟ ಆಡೂದು ನನಗ ಅಷ್ಟ ಸೇರಂಗಿಲ್ರಿ. ಆದ್ರ ಅದರಾಗ ಎಲ್ಲಾದಕ್ಕೂ ಒಂದ ತೂಕ ಐತಲ್ಲ, ಅದು ಸೇರತೈತಿ" ಎಂದಿದ್ದರು. ಆಮೇಲೆ ವಾರಕ್ಕೊಮ್ಮೆಯಾದರೂ ಚರ್ಚೆಯಲ್ಲಿ ಮಾತಾಡುತ್ತಿದ್ದೆವು. ನಮ್ಮ ಆಫೀಸಿನ ಒಂಬತ್ತೂ ಮಂದಿ ಸೇರಿ ಹಿಡಿಯದ ತಪ್ಪುಗಳನ್ನು ಅವರೊಬ್ಬರೇ ಹಿಡಿಯುತ್ತಿದ್ದರು.

ನಂತರ ಮಾಡ್ಯೂಲ್ ಬಂತು.

ಆಟ ಬೆಳೆಯುತ್ತಾ ಹೋಗಿ, ಪ್ರತಿ ಹೊಸ ಆವೃತ್ತಿಗೂ ಸಾವಿರಾರು ಅಂಕಿ ಬದಲಾಗತೊಡಗಿದವು. ಕೈಯಿಂದ ತಿದ್ದಿ ಮುಗಿಸುವಷ್ಟರಲ್ಲಿ ಮತ್ತೊಂದು ಆವೃತ್ತಿ. ಆಗ ಕಂಪನಿಯವರು ಆಟದೊಳಗಿನ ಎಲ್ಲ ಅಂಕಿಗಳಿರುವ ದತ್ತಾಂಶದ ಕಡತವನ್ನೇ ನಮಗೆ ತೆರೆದುಕೊಟ್ಟರು. ಚೌಕದಲ್ಲಿ ಅಂಕಿ ಬರೆಯುವ ಬದಲು ಒಂದು ಚಿಕ್ಕ ಆಜ್ಞೆ ಬರೆದಿಟ್ಟರೆ ಸಾಕು: ಇಂಥ ಹೆಸರಿನ ವಸ್ತುವಿನ ಇಂಥ ಅಂಕಿಯನ್ನು ಕಡತದಿಂದ ಹುಡುಕಿ ತಂದು ಇಲ್ಲಿ ತೋರಿಸು. ಆ ಹುಡುಕುವ ಕೆಲಸ ಮಾಡುವ ಪುಟ್ಟ ಪ್ರೋಗ್ರಾಮಿಗೇ ಮಾಡ್ಯೂಲ್ ಎನ್ನುವುದು. ಕಡತ ಬದಲಾದರೆ ಎಲ್ಲ ಪುಟಗಳ ಚೌಕಗಳೂ ತಾವೇ ಬದಲಾಗುತ್ತವೆ.

"ಯಾರು ಕಲೀತೀರಿ?" ಎಂದು ದೇಸಾಯಿ ಸಾಹೇಬರು ಕೇಳಿದಾಗ ಕೈ ಎತ್ತಿದವನು ನಾನೊಬ್ಬನೇ. ಐವತ್ತರ ಹೊಸ್ತಿಲಲ್ಲಿದ್ದೆ. ಹಾನಗಲ್-ಶಿಗ್ಗಾಂವ ಬಸ್ಸಿನಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಬರೆದು ಬರೆದು ಕಲಿತೆ. ಮೂರು ತಿಂಗಳ ನಂತರ ಮೊದಲ ಚೌಕ ತನ್ನಷ್ಟಕ್ಕೆ ತುಂಬಿಕೊಂಡು ಪರದೆಯ ಮೇಲೆ ಬಂದಾಗ ಎದ್ದು ನಿಂತುಬಿಟ್ಟೆ. ಆ ಖುಷಿಯನ್ನು ನಾನು ಸುಳ್ಳೆನ್ನುವುದಿಲ್ಲ.

ಆದರೆ ಕೆಲವು ಪುಟಗಳಲ್ಲಿ ಚೌಕ ಬರಲೇ ಇಲ್ಲ. 'ಇಂಥ ವಸ್ತು ಕಡತದಲ್ಲಿ ಇಲ್ಲ' ಎನ್ನುತ್ತಿತ್ತು. ಕಡತ ತೆರೆದು ನೋಡಿದರೆ ಅದೇ ಹೆಸರು ಕಣ್ಣ ಮುಂದೆಯೇ ಇದೆ. ಅಕ್ಷರಕ್ಕೆ ಅಕ್ಷರ ಹೋಲಿಸಿದೆ, ಒಂದೇ. ಎರಡು ದಿನ ತಲೆ ಕೆರೆದುಕೊಂಡೆ. ಕೊನೆಗೆ ಶಕುಂತಲಾ ನನ್ನ ಕುರ್ಚಿಗೆ ಬಂದು ಕೂತು, ಆ ಹೆಸರಿನ ಕೊನೆಗೆ ಹೋಗಿ ಅಳಿಸುವ ಗುಂಡಿ ಒಂದು ಸಲ ಒತ್ತಿದರು.

"ನೋಡ್ರಿ ಮಾಸ್ತರ, ಒಂದ ಸಲ ಅಳಿಸಿದೆ. ಏನೂ ಹೋಗ್ಲಿಲ್ಲ. ಅಂದ್ರ ಅಲ್ಲೇನೋ ಇತ್ತು."

ಹಳೆಯ ಫಾಂಟಿನಿಂದ ಹೊಸದಕ್ಕೆ ಬದಲಿಸುವಾಗ ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಚಿಹ್ನೆ ಉಳಿದುಬಿಟ್ಟಿತ್ತು. ಒತ್ತಕ್ಷರ ಬೇಡ ಎನ್ನಲು ಕನ್ನಡದಲ್ಲಿ ಬಳಸುತ್ತೇವಲ್ಲ, ಅದು. ನಮ್ಮ ಕಣ್ಣಿಗೆ ಎರಡೂ ಒಂದೇ ಹೆಸರು, ಮಾಡ್ಯೂಲಿಗೆ ಬೇರೆ ಬೇರೆ. ಹೊಸದಾಗಿ ಸೇರುವವರು ಇದನ್ನು ಮೊದಲು ಬರೆದುಕೊಳ್ಳಿ. ಕನ್ನಡ ಹೆಸರಿಟ್ಟು ಹುಡುಕುವ ಮೊದಲು ಇಂಥ ಚಿಹ್ನೆಗಳನ್ನು ತೆಗೆದುಹಾಕಿ. ಇಲ್ಲವಾದರೆ ವಸ್ತುವನ್ನು ಹುಡುಕಲು ಅದರ ಎಂದೂ ಬದಲಾಗದ ಗುರುತಿನ ಸಂಖ್ಯೆಯನ್ನೇ ಬಳಸಿ, ಹೆಸರನ್ನು ನಂಬಬೇಡಿ.

ಶಕುಂತಲಾ ಇಲ್ಲದಿದ್ದರೆ ನನ್ನ ಮಾಡ್ಯೂಲ್ ನಡೆಯುತ್ತಿರಲಿಲ್ಲ. ಅದು ನಡೆದದ್ದರಿಂದ ಆರು ಮಂದಿ ಬೇಡವಾದರು, ಅವರಲ್ಲಿ ಶಕುಂತಲಾ ಒಬ್ಬರು. ದೇಸಾಯಿ ಸಾಹೇಬರು ಆರೂ ಮಂದಿಯನ್ನು ಒಳಗೆ ಕರೆದು ಹೇಳಿ ಕಳಿಸಿದರು. ಶಕುಂತಲಾ ಹೊರಗೆ ಬಂದು ಮೇಜಿನ ಮೇಲಿದ್ದ ನೀರಿನ ಬಾಟಲಿ, ಕನ್ನಡಕದ ಪೆಟ್ಟಿಗೆ ಚೀಲಕ್ಕೆ ಹಾಕಿಕೊಂಡರು. ನಾನು ಏನೋ ಹೇಳಲು ಹೋದೆ.

"ಇರಲಿ ಬಿಡ್ರಿ ಮಾಸ್ತರ. ನೀವು ಬರದದ್ದು ಚಲೋ ಕೆಲಸಾ ಮಾಡಾಕತ್ತೈತಿ. ಅದಕ್ಕ ಅಲ್ಲೇನ್ರಿ ನಾವು ಹೊಂಟದ್ದು?" ಎಂದರು.

ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಸಹಿಸುವುದು ಸುಲಭವಾಗುತ್ತಿತ್ತು. ಒಂದೆರಡು ವರ್ಷದ ನಂತರ ಸವಣೂರಿಗೆ ಮದುವೆಗೆಂದು ಹೋದಾಗ ಅವರನ್ನು ಕಂಡೆ. ಸಂಬಂಧಿಕರ ಖಾರದ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಿದ್ದರು. ನನ್ನನ್ನು ನೋಡಿ ನಕ್ಕು, ಒಂದು ಪೊಟ್ಟಣ ಕೈಗಿಟ್ಟು, "ಆಟ ಇನ್ನ ನಡದೈತೇನ್ರಿ?" ಎಂದಷ್ಟೇ ಕೇಳಿದರು.

ಪಕ್ಕದ ಮೇಜು ಖಾಲಿಯಾದ ಮೇಲೆ ನನ್ನಿಂದ ಒಂದು ದೊಡ್ಡ ತಪ್ಪಾಯಿತು. ಕಡತದಲ್ಲಿ ಕೆಲವು ವಸ್ತುಗಳಿಗೆ ಕೆಲವು ಅಂಕಿಗಳೇ ಇರಲಿಲ್ಲ. ಅಲ್ಲಿ ಚೌಕ ಖಾಲಿ ಬರುತ್ತಿತ್ತು. ದೇಸಾಯಿ ಸಾಹೇಬರು ಕಿರಿಕಿರಿ ಮಾಡಿದರು. ನಾನು ಮಾಡ್ಯೂಲಿನಲ್ಲಿ ಒಂದು ಸಾಲು ಸೇರಿಸಿದೆ: ಏನೂ ಸಿಗದಿದ್ದರೆ ಸೊನ್ನೆ ತೋರಿಸು. ಎಲ್ಲ ಚೌಕಗಳೂ ತುಂಬಿದವು, ಸಾಹೇಬರು ಚಹಾ ತರಿಸಿದರು. ಒಂದು ವಾರದ ಮೇಲೆ ಆಡುವವರು ಬಯ್ಯತೊಡಗಿದರು. ವಿಷದ ಅಣಬೆಗಳ ಪುಟದಲ್ಲೆಲ್ಲ 'ವಿಷ: ೦' ಎಂದು ಬಂದಿತ್ತು. ಅಣಬೆಗಳ ವಿಷದ ಅಂಕಿ ಬೇರೊಂದು ಕೋಷ್ಟಕದಲ್ಲಿತ್ತು, ನನ್ನ ಮಾಡ್ಯೂಲ್ ಅಲ್ಲಿಗೆ ಹೋಗಿರಲೇ ಇಲ್ಲ. ನಮ್ಮ ಚೌಕವನ್ನು ನಂಬಿ ತಿಂದವರ ತಿಂಗಳುಗಟ್ಟಲೆಯ ಆಟ ಮಣ್ಣುಪಾಲಾಯಿತು. ಅದು ಆಟ, ಯಾರೂ ಸಾಯಲಿಲ್ಲ. ಆದರೆ ನಾನು ಕಲಿಯಬೇಕಾಗಿದ್ದ ಪಾಠ ಅಲ್ಲಿತ್ತು. ಇಲ್ಲ ಎನ್ನುವುದು ಬೇರೆ, ಗೊತ್ತಿಲ್ಲ ಎನ್ನುವುದು ಬೇರೆ, ಸೊನ್ನೆ ಬೇರೆ. ಆ ಸಾಲನ್ನು ತೆಗೆದೆ, 'ತಿಳಿದಿಲ್ಲ' ಎಂದು ತೋರಿಸುವಂತೆ ಮಾಡಿದೆ. ಪಾಠ ಅಷ್ಟಕ್ಕೇ ಮುಗಿಯಿತೆಂದುಕೊಂಡೆ. ಕಡತದಲ್ಲಿ ಇಲ್ಲದ್ದರ ಬಗ್ಗೆ ಎಚ್ಚರ ಕಲಿತೆನೇ ಹೊರತು, ಕಡತದಲ್ಲಿ ಇರುವುದೂ ತಪ್ಪಾಗಬಹುದೆಂದು ಕಲಿಯಲಿಲ್ಲ.

ಆಟದಲ್ಲಿ ನೀಲಿಬೇರು ಎಂಬ ಒಂದು ಔಷಧಿ. ಬೆಟ್ಟದ ಮೇಲೆ ಮಾತ್ರ ಸಿಗುತ್ತದೆ, ಕೆಳಗೆ ತಂದರೆ ಕೊಳೆತುಹೋಗುತ್ತದೆ. ಅಲ್ಲೇ ತಿನ್ನಬೇಕು. ನನ್ನ ಮಾಡ್ಯೂಲ್ ಅದರ ಚೌಕದಲ್ಲಿ 'ಗಾಯ ಮಾಯುವುದು: ೪೦' ಎಂದು ತೋರಿಸುತ್ತಿತ್ತು. ತಕ್ಕಡಿಯವರು ಅದನ್ನು ಅಳಿಸಿ ಕೈಯಿಂದ ೩೨ ಎಂದು ಬರೆದರು. ನಾನು ಮತ್ತೆ ಮಾಡ್ಯೂಲ್ ಹಾಕಿದೆ. ಅವರು ಚರ್ಚೆಯಲ್ಲಿ ಬರೆದರು:

"ಮಾಸ್ತರ, ನೀಲಿಬೇರು ನಲವತ್ತಲ್ರಿ, ಮೂವತ್ತೆರಡ. ನೂರು ಸಲ ತಿಂದು ನೋಡೇನಿ. ಒಮ್ಮೆನೂ ನಲವತ್ತ ಬಂದಿಲ್ಲ."

ನಾನು ಬರೆದ ಉತ್ತರ ಈಗಲೂ ನನಗೆ ಬಾಯಿಪಾಠ: "ಈ ಸಂಖ್ಯೆ ಆಟದ ದತ್ತಾಂಶದಿಂದ ನೇರವಾಗಿ ಬಂದದ್ದು. ಕೈಲೆಕ್ಕದಲ್ಲಿ ತಪ್ಪಾಗುವುದು ಸಹಜ. ದಯವಿಟ್ಟು ಬದಲಾಯಿಸಬೇಡಿ."

ಆಟ ತೆರೆದು, ಬೆಟ್ಟ ಹತ್ತಿ, ಒಂದು ಬೇರು ತಿಂದು ನೋಡಲು ಹತ್ತು ನಿಮಿಷ ಸಾಕಿತ್ತು. ನಾನು ನೋಡಲಿಲ್ಲ. ಆ ಹೊತ್ತಿಗೆ ನಾವು ಯಾರೂ ಆಟವನ್ನೇ ತೆರೆಯುತ್ತಿರಲಿಲ್ಲ, ಅದರ ಅವಶ್ಯಕತೆಯೇ ಉಳಿದಿರಲಿಲ್ಲ. ಅವರು ಮತ್ತೊಮ್ಮೆ ತಿದ್ದಿದರು. ಮತ್ತೊಂದು ನೂರು ಸಲದ ಪಟ್ಟಿ ಹಾಕಿದರು. ನಾನು ತೆಗೆದುಹಾಕಿದೆ. ಬೆಟ್ಟದ ಬೇರೆ ಸೊಪ್ಪುಗಳ ಅಂಕಿಯೂ ತಪ್ಪಿದೆ ಎಂದು ಒಂದೊಂದನ್ನೇ ತಿದ್ದತೊಡಗಿದರು. ದೇಸಾಯಿ ಸಾಹೇಬರಿಗೆ ದೂರು ಹೋಯಿತು.

"ಯಾರ್ರಿ ಇಂವ? ಪುಟ ಕೆಡಸ್ತಾನಂತ?"

"ಹಳೇ ಕೊಡುಗೆದಾರ್ರು ಸರ್. ಮೊದಲ ಭಾಳ ಚಲೋ ಕೆಲಸ ಮಾಡ್ಯಾರ."

"ಮೊದಲಿಂದು ಬ್ಯಾಡ. ಈಗ ಮಾಡಿದ್ದು ಖರೇನೋ ಸುಳ್ಳೋ?"

ನಾನು ಪರದೆಯನ್ನು ಅವರತ್ತ ತಿರುಗಿಸಿ ಕಡತದಲ್ಲಿದ್ದ ನಲವತ್ತನ್ನು ತೋರಿಸಿದೆ. "ಸುಳ್ಳು ಸರ್" ಎಂದೆ.

"ಮತ್ತ ಬಂದ್ ಮಾಡ್ರಿ."

ಗುಂಡಿ ಒತ್ತಿದವನು ನಾನು. ಹಾಗೆ ಒಬ್ಬರನ್ನು ಪುಟ ತಿದ್ದದಂತೆ ತಡೆಯುವಾಗ ಕಾರಣ ಬರೆಯಬೇಕು, ಅದು ಎಲ್ಲರಿಗೂ ಕಾಣುತ್ತದೆ. 'ಪದೇ ಪದೇ ತಪ್ಪು ಅಂಕಿ ಸೇರಿಸಿದ್ದಕ್ಕೆ' ಎಂದು ಬರೆದೆ. ಅವರ ಫೋನ್ ಬರಬಹುದೆಂದು ಒಂದು ವಾರ ಅಂಜುತ್ತಿದ್ದೆ. ಬರಲಿಲ್ಲ.

ಎಂಟು ತಿಂಗಳಾಗಿರಬೇಕು. ಕಂಪನಿಯವರು ಕಡತದ ರಚನೆಯನ್ನೇ ಬದಲಿಸಿದರು. ಕೋಷ್ಟಕಗಳ ಹೆಸರು ಬದಲಾಗಿ ನನ್ನ ಮಾಡ್ಯೂಲ್ ಕೆಟ್ಟುನಿಂತಿತು. ಮತ್ತೆ ಬರೆಯಲು ಎಲ್ಲ ಕೋಷ್ಟಕಗಳನ್ನೂ ಒಂದೊಂದಾಗಿ ತೆರೆದು ನೋಡುತ್ತಾ ಹೋದೆ. ಮಧ್ಯಾಹ್ನ, ಊಟದ ಡಬ್ಬಿ ಇನ್ನೂ ತೆರೆದಿರಲಿಲ್ಲ. ಸ್ಥಳಗಳ ಕೋಷ್ಟಕದಲ್ಲಿ, ಮೊದಲಿನಿಂದಲೂ ಇದ್ದ, ನಾನು ಎಂದೂ ನೋಡದ ಒಂದು ಕಾಲಂ ಕಂಡಿತು. ಆ ಸ್ಥಳದಲ್ಲಿ ಔಷಧಿಯ ಬಲ ಎಷ್ಟು ಪಾಲು ಉಳಿಯುತ್ತದೆ ಎಂಬ ಅಂಕಿ. ಬಯಲಿನಲ್ಲಿ ಪೂರ್ತಿ. ಬೆಟ್ಟದ ಮೇಲೆ ಐದರಲ್ಲಿ ನಾಲ್ಕು ಪಾಲು.

ನಲವತ್ತರ ಐದರಲ್ಲಿ ನಾಲ್ಕು ಪಾಲೆಂದರೆ ಮೂವತ್ತೆರಡು.

ಬಯಲಿಗೆ ತಂದರೆ ಕೊಳೆಯುವ ಬೇರು ಅದು. ಅಂದರೆ ಆ ನಲವತ್ತನ್ನು ಆಟ ಆಡಿದ ಯಾವ ಮನುಷ್ಯನೂ ಎಂದೂ ಕಂಡಿರಲು ಸಾಧ್ಯವಿರಲಿಲ್ಲ. ಅದು ಕಡತದೊಳಗೆ ಮಾತ್ರ ಇದ್ದ ಅಂಕಿ. ಅದನ್ನು ಖರೆ ಎಂದು, ಇನ್ನೂರು ಸಲ ತಿಂದು ನೋಡಿದವರನ್ನು ಸುಳ್ಳುಗಾರರೆಂದು ಬರೆದಿದ್ದೆ. ಡಬ್ಬಿ ತೆರೆಯದೇ ಹಾಗೇ ಮನೆಗೆ ಒಯ್ದೆ.

ಮರುದಿನವೇ ತಡೆ ತೆಗೆದೆ. ಅವರ ಪುಟದಲ್ಲಿ ತಪ್ಪೊಪ್ಪಿಗೆ ಬರೆದೆ. ಉತ್ತರವಿಲ್ಲ. ಫೋನ್ ಮಾಡಿದರೆ ಹತ್ತುತ್ತಿರಲಿಲ್ಲ. ವಿಕಿಯ ದಾಖಲೆಯಲ್ಲಿ ಹಿಂದಿನದನ್ನು ಅಳಿಸಲು ಬರುವುದಿಲ್ಲ. 'ತಪ್ಪು ಅಂಕಿ ಸೇರಿಸಿದ್ದಕ್ಕೆ' ಎಂಬುದರ ಕೆಳಗೆ 'ತಡೆ ತೆಗೆಯಲಾಗಿದೆ' ಎಂದು ಇನ್ನೊಂದು ಸಾಲು ಸೇರಿತು, ಅಷ್ಟೇ. ಒಂದು ಭಾನುವಾರ, ಅಂಗಿ ಕಳಿಸಿದ ವಿಳಾಸ ಹಿಡಿದು ಹಿರೇಕೆರೂರಿನ ಬಸ್ಸು ಹತ್ತಿದೆ.

ಬಾಗಿಲು ತೆಗೆದವರು ಅವರ ಅಕ್ಕ ನಾಗಮ್ಮ. ಅರವತ್ತು ದಾಟಿದ ಹೆಣ್ಣುಮಗಳು.

"ಯಾರ್ರಿ?"

"ಶಿಗ್ಗಾಂವ ಆಫೀಸಿನಿಂದ ಬಂದೇನ್ರಿ ಅಕ್ಕಾರ. ಚನ್ನಬಸಪ್ಪನವರನ್ನ ನೋಡಬೇಕಾಗಿತ್ತು. ಆ ಆಟದ ಪುಟ ಬರೀತೇವಲ್ರಿ..."

"ಮಾಸ್ತರಂದ್ರ ನೀವ ಏನ್ರಿ?" ಎಂದರು. ಅವರ ಮುಖ ಬಿಗಿಯಿತು. ಆದರೂ "ಬರ್ರಿ, ಒಳಗ ಬರ್ರಿ" ಎಂದು ದಾರಿ ಬಿಟ್ಟರು.

ಒಳಕೋಣೆಯ ಕಿಟಕಿಯ ಪಕ್ಕದಲ್ಲಿ ಮಂಚ. ಚನ್ನಬಸಪ್ಪನವರು ಎರಡು ದಿಂಬಿಗೆ ಒರಗಿದ್ದರು. ದೊಡ್ಡ ತಲೆ, ದಪ್ಪ ಮುಂಗೈಗಳು, ಕೆಳಗೆ ಹೊದಿಕೆಯೊಳಗೆ ಒಣಗಿದ ಕಾಲು. "ಕೂಡ್ರಿ" ಎಂದು ಕುರ್ಚಿ ತೋರಿಸಿದರು. ಬಸ್ಸಿಗೆ ಬಂದಿರೇನು, ದಾರಿಯಲ್ಲಿ ಮಳೆ ಇತ್ತೇನು ಎಂದು ಕೇಳಿದರು. ನಾಗಮ್ಮ ಚಹಾ ತಂದಿಟ್ಟು ಬಾಗಿಲಲ್ಲೇ ನಿಂತರು.

"ನಿಮ್ಮ ಅಂಕಿ ಖರೇ ಇತ್ರಿ. ನಂದ ತಪ್ಪು. ಅದನ್ನ ಹೇಳಾಕ ಬಂದೇನಿ" ಎಂದೆ.

"ಹೆಂಗ ಗೊತ್ತಾತ್ರಿ?"

ನಾನು ಸ್ಥಳದ ಕೋಷ್ಟಕ, ಬೆಟ್ಟದ ಪಾಲು, ಗುಣಾಕಾರ ಎಲ್ಲವನ್ನೂ ಹೇಳಿದೆ. ಜೇಬಿನಿಂದ ಕಾಗದ ತೆಗೆದು ಬರೆದೂ ತೋರಿಸಿದೆ. ಹೇಳುತ್ತಾ ಹೇಳುತ್ತಾ ನನಗೇ ಒಂದು ಹುರುಪು ಬಂದಿತ್ತೆಂದು ಕಾಣುತ್ತದೆ, ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಅವರು ಕೊನೆಯವರೆಗೂ ಕೇಳಿದರು.

"ಅಂದ್ರ ಕಡತದಾಗ ಸಿಕ್ಕೇತಿ."

"ಹೌದ್ರಿ."

"ಸಿಗದಿದ್ರ?"

ನಾನು ಕಾಗದ ಮಡಚಿ ಜೇಬಿಗಿಟ್ಟೆ.

"ಸಿಗದಿದ್ರ ನೀವು ಬರ್ತಿದ್ದಿಲ್ಲ ಮಾಸ್ತರ. ನಾ ಹೇಳಿದ್ದು ಖರೆ ಅಂತ ನೀವು ಬಂದಿಲ್ಲ. ಕಡತ ಹೇಳೇತಿ ಅಂತ ಬಂದೀರಿ." ದನಿ ಏರಿಸಲಿಲ್ಲ. ಕಿಟಕಿಯ ಕಡೆ ನೋಡುತ್ತಾ ಹೇಳಿದರು. "ಇಪ್ಪತ್ತು ವರ್ಷ ತೂಕ ಮಾಡೇನ್ರಿ. ಒಬ್ಬ ರೈತ ಒಂದ ದಿನ ನನಗ ಸುಳ್ಳ ತೂಗಿದಿ ಅಂದಿಲ್ಲ. ನೀವು ಎಲ್ಲಾರಿಗೂ ಕಾಣೂಹಂಗ ಬರದ್ರಿ."

"ತಪ್ಪಾತ್ರಿ. ತಡೆ ತಗದೇನಿ. ನೀವು ಮತ್ತ ಬರೀಬೇಕ್ರಿ. ನಿಮ್ಮಂಗ ನೋಡವ್ರು ಯಾರೂ ಇಲ್ಲ."

"ಆಗಂಗಿಲ್ರಿ" ಎಂದರು. ಕಪ್ಪಿನತ್ತ ಕೈ ತೋರಿಸಿ, "ಚಾ ಆರತೈತಿ, ಕುಡೀರಿ" ಎಂದರು.

ಹೊರಡುವಾಗ ನಾಗಮ್ಮ ಬಾಗಿಲಿನವರೆಗೆ ಬಂದರು. ಒಳಗೆ ಕೇಳಿಸದ ಹಾಗೆ ದನಿ ತಗ್ಗಿಸಿದರು. "ಅದೊಂದ ಇತ್ರಿ ಅವಗ. ಮುಂಜಾನೆ ಎದ್ದ ಕೂಡ್ಲೇ, 'ಅಕ್ಕಾ, ಇವತ್ತ ಯಾವುದು ತೂಗೂದೈತಿ ನೋಡೂನು' ಅಂತ ಮೊಬೈಲ್ ಇಸಕೊಳ್ತಿದ್ದ. ನಿಮ್ಮ ಕಡಿಂದ ಅದು ಬಂದ ದಿನ ಮೊಬೈಲ್ ನನ್ನ ಕೈಯಾಗ ಕೊಟ್ಟ. ಮತ್ತ ಕೇಳಿಲ್ಲ." ಕಣ್ಣೊರೆಸಿಕೊಳ್ಳಲಿಲ್ಲ, ಬಯ್ಯಲಿಲ್ಲ. "ಹುಷಾರಿಲೆ ಹೋಗ್ರಿ" ಎಂದು ಬಾಗಿಲು ಮುಂದೆ ಮಾಡಿದರು.

ಮಳೆಯ ಹನಿ ಬೀಳುತ್ತಿತ್ತು. ಬಸ್ಸಿಗೆ ಒಂದೂವರೆ ಗಂಟೆ ಕಾದೆ. ಆ ಹೊತ್ತು ಯಾವ ಯೋಚನೆ ಮಾಡಿದೆ ಎಂದು ನೆನಪಿಲ್ಲ. ಅವರು 'ಸಿಗದಿದ್ರ?' ಎಂದು ಕೇಳಿದ ದನಿ ಮಾತ್ರ ನೆನಪಿದೆ.

ಆಫೀಸಿಗೆ ಬಂದು ಮಾಡ್ಯೂಲ್ ಸರಿಪಡಿಸಿದೆ. ಸ್ಥಳದ ಪಾಲನ್ನೂ ಕೇಳಿ ಗುಣಿಸಿ ತೋರಿಸುವಂತೆ ಮಾಡಿದೆ. ಅದರ ಜೊತೆಗೆ ಚೌಕದಲ್ಲಿ ಇನ್ನೊಂದು ಸಾಲು ಬೇಕೆಂದು ಸಾಹೇಬರನ್ನು ಕೇಳಿದೆ. 'ಕಡತದಲ್ಲಿ ಇರುವುದು' ಎಂದು ಒಂದು ಸಾಲು, 'ಆಡಿ ಕಂಡದ್ದು' ಎಂದು ಇನ್ನೊಂದು.

"ಎರಡೆರಡು ಅಂಕಿ ಯಾಕ್ರಿ? ಓದೂ ಮಂದಿ ಯಾವುದು ಖರೆ ಅಂತ ಕೇಳ್ತಾರ" ಎಂದರು.

"ಕೇಳ್ಲಿ ಸರ್."

ಒಪ್ಪಲಿಲ್ಲ. ಅವರು ಬೇರೆ ಕಡೆ ಹೋದ ಮೇಲೆ ಬಂದವರು ಇಂಥದ್ದರಲ್ಲಿ ತಲೆಹಾಕುತ್ತಿರಲಿಲ್ಲ, ನಾನೇ ಸೇರಿಸಿದೆ. ಆದರೆ ಆ ಎರಡನೆಯ ಸಾಲನ್ನು ತುಂಬುವವರು ಯಾರೂ ಉಳಿದಿರಲಿಲ್ಲ. ಅಂಕಿ ತಾನಾಗಿಯೇ ಬರುತ್ತದೆಂದ ಮೇಲೆ ಆಡುವವರಿಗೆ ನೋಡಿ ಹೇಳುವ ರೂಢಿ ತಪ್ಪಿಹೋಗಿತ್ತು. ಸಾವಿರಾರು ಪುಟಗಳಲ್ಲಿ ಆ ಸಾಲು 'ತಿಳಿದಿಲ್ಲ' ಎಂದೇ ನಿಂತಿತ್ತು.

ನನಗೆ ಅರವತ್ತಾಗುವ ವರ್ಷ ಕಂಪನಿಯವರು ಆಟವನ್ನೇ ನಿಲ್ಲಿಸಿದರು. ಆಡುವವರು ಕಡಿಮೆಯಾಗಿದ್ದರಂತೆ. ವಿಕಿ ಇನ್ನೂ ಎರಡು ತಿಂಗಳು ಇರುತ್ತದೆ, ಆಮೇಲೆ ಅದೂ ಇಲ್ಲ ಎಂದು ತಿಳಿಸಿದರು. ಆಟದ ಜೊತೆಗೇ ಅವರ ಕಡತವನ್ನೂ ಮುಚ್ಚಿಬಿಟ್ಟರು. ಮಾರನೆಯ ಬೆಳಿಗ್ಗೆ ಆಫೀಸಿಗೆ ಹೋಗಿ ನೋಡಿದರೆ, ಒಂದು ಪುಟವನ್ನೂ ಬಿಡದೆ ಎಲ್ಲ ಚೌಕಗಳಲ್ಲೂ ಕೆಂಪಕ್ಷರ: 'ಸ್ಕ್ರಿಪ್ಟ್ ದೋಷ'. ಕೇಳಲು ಹೋದ ಜಾಗದಲ್ಲಿ ಕಡತವಿಲ್ಲ, ಮಾಡ್ಯೂಲ್ ಏನು ತಂದೀತು? ಕೈಯಿಂದ ಬರೆದ ಅಂಕಿಗಳಾಗಿದ್ದರೆ ಅಲ್ಲೇ ಇರುತ್ತಿದ್ದವು. ಹೊಸಬರಿಗೆ ಇದನ್ನೂ ಹೇಳುತ್ತೇನೆ. ಬೇರೆಯವರ ಮನೆಯಿಂದ ಪ್ರತಿ ಸಲ ಕೇಳಿ ತರುವ ಅಂಕಿ ನಿಮ್ಮದಲ್ಲ. ತಂದದ್ದರ ಒಂದು ಪ್ರತಿಯನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ.

ನನಗೆ ಬೇರೆ ಕೆಲಸ ಉಳಿದಿರಲಿಲ್ಲ. ಉಳಿದವರೆಲ್ಲ ಆಗಲೇ ಬಿಟ್ಟುಹೋಗಿ ಆಫೀಸಿನಲ್ಲಿ ನಾನೊಬ್ಬನೇ ಇದ್ದೆ, ಅದೂ ಕೀಲಿ ಒಪ್ಪಿಸುವವರೆಗೆ. ಒಂದೊಂದು ಪುಟದ ಇತಿಹಾಸವನ್ನು ತೆರೆದು, ಮಾಡ್ಯೂಲ್ ಬರುವ ಮೊದಲು ಕೈಯಿಂದ ಬರೆದಿದ್ದ ಅಂಕಿಗಳನ್ನು ನೋಡಿ ಮತ್ತೆ ಟೈಪ್ ಮಾಡತೊಡಗಿದೆ. ನಿಂತುಹೋದ ಆಟದ ಅಂಕಿ ಯಾರಿಗೆ ಬೇಕೆಂದು ನನ್ನನ್ನೇ ಕೇಳಿಕೊಳ್ಳಲಿಲ್ಲ. ಕೆಂಪಕ್ಷರಗಳನ್ನು ನೋಡಿಕೊಂಡು ಕೂಡಲು ಆಗುತ್ತಿರಲಿಲ್ಲ, ಅಷ್ಟೇ. ಹಳೆಯ ಪುಟಗಳಲ್ಲಿ ಬರೆದವರ ಹೆಸರೂ ಇರುತ್ತದೆ. ಅರ್ಧಕ್ಕರ್ಧ ಶಕುಂತಲಾ ಅವರದು. ಉಳಿದದ್ದರಲ್ಲಿ ಹೆಚ್ಚಿನವು ತಕ್ಕಡಿಯವು. ಎಡಗಣ್ಣಿಗೆ ಪೊರೆ ಬಂದಿತ್ತು. ಅಂಕಿ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತಿದ್ದವು. ದಿನಕ್ಕೆ ನಲವತ್ತು ಐವತ್ತು ಪುಟ ಆಗುತ್ತಿತ್ತು. ಯಾರಾದರೂ ಓದುತ್ತಿದ್ದಾರೆಂದು ನನಗೆ ಅನ್ನಿಸಿರಲಿಲ್ಲ.

ವಿಕಿಯಲ್ಲಿ 'ಇತ್ತೀಚಿನ ಬದಲಾವಣೆಗಳು' ಎಂಬ ಒಂದು ಪಟ್ಟಿ ಇರುತ್ತದೆ. ಯಾರು ಯಾವ ಪುಟ ತಿದ್ದಿದರೆಂದು ಅಲ್ಲಿ ಕಾಣುತ್ತದೆ. ಆ ಎರಡು ತಿಂಗಳು ಅದರ ತುಂಬ ನನ್ನ ಹೆಸರೊಂದೇ. ತಾಣ ಮುಚ್ಚಲು ಎರಡು ದಿನ ಇದ್ದಾಗ, ಬೆಳಿಗ್ಗೆ ಪಟ್ಟಿ ತೆರೆದೆ. ಎಲ್ಲಕ್ಕಿಂತ ಮೇಲೆ, ನನ್ನದಲ್ಲದ ಒಂದು ಸಾಲು ಇತ್ತು.

ತಕ್ಕಡಿ.

ಕಲ್ಲುಹೂವಿನ ಪುಟ. ಹಿಂದಿನ ದಿನ ನಾನು ಅದರ ತೂಕದ ಸಾಲಿನಲ್ಲಿ ೭೧ ಎಂದು ತುಂಬಿದ್ದೆ. ಅದನ್ನು ೧೭ ಎಂದು ಬದಲಿಸಲಾಗಿತ್ತು. ಪಕ್ಕದಲ್ಲಿ ಕಾರಣ ಬರೆಯುವ ಜಾಗದಲ್ಲಿ, "ಅಂಕಿ ಹಿಂದ ಮುಂದ ಆಗೇತ್ರಿ ಮಾಸ್ತರ" ಎಂದಿತ್ತು.

ಬೇರೇನೂ ಇರಲಿಲ್ಲ. ನನ್ನ ತಪ್ಪೊಪ್ಪಿಗೆಯ ಕೆಳಗೆ ಅವರು ಏನನ್ನೂ ಬರೆದಿರಲಿಲ್ಲ. ಆ ದಿನವೂ ಮರುದಿನವೂ ಪಟ್ಟಿಯನ್ನು ಮತ್ತೆ ಮತ್ತೆ ತೆರೆದೆ, ಇನ್ನೊಂದು ಸಾಲು ಬರಲಿಲ್ಲ.

ಪುಟದ ಇತಿಹಾಸಕ್ಕೆ ಹೋಗಿ, ಹಳೆಯ ಅಂಕಿ ಯಾವುದಿತ್ತು, ನಾನು ನಿಜವಾಗಿಯೂ ತಿರುಗುಮುರುಗಾಗಿ ಬರೆದಿದ್ದೆನೇ ಎಂದು ನೋಡಬಹುದಿತ್ತು. ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ನೋಡಲಿಲ್ಲ. ಹದಿನೇಳು ಎಂದು ಅವರು ಹೇಳಿದ್ದಾರೆ, ಹದಿನೇಳೇ. ಉಳಿದ ಪುಟಗಳಲ್ಲಿ ಎಷ್ಟು ಸಾಧ್ಯವೋ ಅಷ್ಟನ್ನು ತುಂಬಿದೆ. ಎರಡನೆಯ ದಿನ ಸಂಜೆ ನಾಲ್ಕರ ಹೊತ್ತಿಗೆ ಒಂದು ಪುಟ ಉಳಿಸಲು ಹೋದಾಗ ಅದು ಉಳಿಯಲಿಲ್ಲ. ಮತ್ತೆ ತೆರೆಯಲು ನೋಡಿದೆ. ತೆರೆಯಲಿಲ್ಲ. ಕಂಪ್ಯೂಟರ್ ಆರಿಸಿ, ಕಿಟಕಿ ಮುಚ್ಚಿ, ಕೆಳಗಿನ ಕಾಳಿನ ಅಂಗಡಿ ಮಾಲೀಕರಿಗೆ ಕೀಲಿ ಕೊಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದೆ.